ಲಂಡನ್ನಿನ ನಾಟಕದ ಬೀದಿಗೆ ಉಮ್ಮನನ್ನೂ ಕರೆದುಕೊಂಡು ಹೋಗಿ

ಹಿಂದೆ ನಮ್ಮ ಮನೆಗಳಲ್ಲಿ ‘ಹೊರಗೆ ಹೋಗಿದ್ದಾನೆ’ ಎಂದರೆ ಗಲ್ಫ್‌ಗೆ ಎಂದೇ ಅರ್ಥ. ಈಗ ಹಾಗಿಲ್ಲ. ಮಗ ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದಾನೆ, ಮಗಳು ಅಳಿಯ ಲೆಸ್ಟರಿನಲ್ಲಿದ್ದಾರೆ, ತಮ್ಮನ ಮಗನಿಗೆ ಲಂಡನ್ನಿನ ಆಸ್ಪತ್ರೆಯಲ್ಲಿ ಕೆಲಸ ಎಂಬ ಮಾತು ಮದುವೆ ಮನೆಗಳಲ್ಲಿ ಕೇಳಿಬರುತ್ತದೆ. ಮಕ್ಕಳು ನೆಲೆ ನಿಂತ ಮೇಲೆ ಉಮ್ಮ-ಬಾಪನನ್ನು ಕರೆಸಿಕೊಳ್ಳುತ್ತಾರೆ. ವೀಸಾ ಆಗುತ್ತದೆ, ಸ್ವೆಟರ್ ಖರೀದಿ ಆಗುತ್ತದೆ, ಉಪ್ಪಿನಕಾಯಿ ಬಾಟ್ಲಿಗೆ ಮೂರು ಸುತ್ತು ಪ್ಲಾಸ್ಟಿಕ್ ಕಟ್ಟಿ ಆಗುತ್ತದೆ.

ಅಲ್ಲಿ ಹೋದ ಮೇಲೆ ನೋಡುವ ಜಾಗಗಳ ಪಟ್ಟಿಯೂ ಹೆಚ್ಚುಕಡಿಮೆ ಒಂದೇ. ಬಿಗ್ ಬೆನ್, ಟವರ್ ಬ್ರಿಡ್ಜ್, ರಾಣಿಯ ಅರಮನೆ (ಈಗ ರಾಜನದ್ದು), ರೀಜೆಂಟ್ಸ್ ಪಾರ್ಕಿನ ಮಸೀದಿ. ಆದರೆ ಲಂಡನ್ನಿಗೆ ಹೋದವರೆಲ್ಲ ಒಮ್ಮೆ ನೋಡಬೇಕು ಎನ್ನುವ ಇನ್ನೊಂದು ಸಂಗತಿ ಉಂಟು: ಅಲ್ಲಿನ ನಾಟಕ. ಈ ವಿಷಯ ಬಂದಾಗ ಹೆಚ್ಚಾಗಿ ನಡೆಯುವುದು ಹೀಗೆ. ಮಕ್ಕಳು, ಸೊಸೆ, ಮೊಮ್ಮಕ್ಕಳು ಟಿಕೆಟ್ ಮಾಡುತ್ತಾರೆ. ‘ಉಮ್ಮನಿಗೆ ಇಂಗ್ಲಿಷ್ ಅರ್ಥ ಆಗುವುದಿಲ್ಲ, ಮೊಣಕಾಲು ಬೇರೆ ನೋವು, ನಮಾಝ್ ತಪ್ಪುತ್ತದೆ, ಅವರಿಗೆ ಇದೆಲ್ಲ ಹಿಡಿಸುವುದೂ ಇಲ್ಲ’ ಎಂದು ತಾವೇ ತೀರ್ಮಾನಿಸಿ ಅವರನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಉಮ್ಮನನ್ನು ಯಾರೂ ಕೇಳಿರುವುದಿಲ್ಲ. ಏಳು ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರ ಹಾರಿ ಬಂದವರು ಬಾಡಿಗೆ ಫ್ಲ್ಯಾಟಿನ ಕಿಟಕಿಯಲ್ಲಿ ಮಳೆ ನೋಡುತ್ತಾ ಕೂರುತ್ತಾರೆ.

ಮೇಲೆ ಹೇಳಿದ ಒಂದೊಂದು ಕಾರಣಕ್ಕೂ ಉತ್ತರ ಉಂಟು. ಉತ್ತರ ಸಿಗುವುದು ಟಿಕೆಟ್ ತೆಗೆಯುವ ಮೊದಲು ಯೋಚಿಸಿದರೆ ಮಾತ್ರ. ಈ ವಾರ ಅದನ್ನೇ ಒಂದೊಂದಾಗಿ ನೋಡೋಣ.

ವೆಸ್ಟ್ ಎಂಡ್ ಅಂದರೆ ಎಲ್ಲಿ?

ಲಂಡನ್ ನಗರದ ನಡುವೆ ಲೆಸ್ಟರ್ ಸ್ಕ್ವೇರ್, ಕೋವೆಂಟ್ ಗಾರ್ಡನ್, ಪಿಕಡಿಲ್ಲಿ ಸರ್ಕಸ್, ಶಾಫ್ಟ್ಸ್‌ಬರಿ ಅವೆನ್ಯೂ ಎಂಬ ಜಾಗಗಳು ಒಂದಕ್ಕೊಂದು ತಾಗಿಕೊಂಡಿವೆ. ಲೆಸ್ಟರ್ ಸ್ಕ್ವೇರಿನಿಂದ ಕೋವೆಂಟ್ ಗಾರ್ಡನ್ ಸ್ಟೇಷನ್ನಿಗೆ ಮುನ್ನೂರು ಮೀಟರ್ ಕೂಡ ಇಲ್ಲ. ಈ ಸುತ್ತಿನಲ್ಲಿ, ಇದರಿಂದ ಸ್ವಲ್ಪ ಆಚೆ ಈಚೆ, ಸುಮಾರು 40 ನಾಟಕ ಮಂದಿರಗಳಿವೆ. ಇದಕ್ಕೇ ವೆಸ್ಟ್ ಎಂಡ್ ಎನ್ನುವುದು. ವರ್ಷಕ್ಕೆ 1.7 ಕೋಟಿಯಷ್ಟು ಜನ ಇಲ್ಲಿ ಟಿಕೆಟ್ ತೆಗೆದು ನಾಟಕ ನೋಡುತ್ತಾರೆ.

ಇವುಗಳಲ್ಲಿ ಹಳೆಯದು ಡ್ರೂರಿ ಲೇನ್‌ನ ಥಿಯೇಟರ್ ರಾಯಲ್. ಅದೇ ಜಾಗದಲ್ಲಿ 1663ರಿಂದ ನಾಟಕ ನಡೆಯುತ್ತಾ ಬಂದಿದೆ. ಎರಡು ಸಲ ಬೆಂಕಿಗೆ ಆಹುತಿಯಾಗಿ ಈಗ ನಿಂತಿರುವ ಕಟ್ಟಡ 1812ರದ್ದು. ಅಗಥಾ ಕ್ರಿಸ್ಟಿಯ ‘ದ ಮೌಸ್‌ಟ್ರ್ಯಾಪ್’ 1952ರಲ್ಲಿ ಶುರುವಾದದ್ದು ಇನ್ನೂ ನಡೆಯುತ್ತಿದೆ. ಅದು ದೀರ್ಘ ಕಾಲ ನಿಂತದ್ದು 2020ರಲ್ಲಿ, ಕೊರೋನಾ ಬಂದಾಗ. ‘ಲೆ ಮಿಸರಾಬ್ಲ್’ 1985ರಿಂದ, ‘ದ ಫ್ಯಾಂಟಮ್ ಆಫ್ ದ ಆಪೆರಾ’ 1986ರಿಂದ, ‘ದ ಲಯನ್ ಕಿಂಗ್’ 1999ರಿಂದ ಜನರನ್ನು ಸೆಳೆಯುತ್ತಿವೆ.

ಈ ಬೀದಿ ಮೊದಲಿನಿಂದಲೂ ಎಲ್ಲರನ್ನೂ ಬರಮಾಡಿಕೊಂಡದ್ದಲ್ಲ ಎಂಬುದನ್ನೂ ಹೇಳಬೇಕು. ಶೇಕ್ಸ್‌ಪಿಯರನ ಒಥೆಲ್ಲೊ ಒಬ್ಬ ಮೂರ್ ಸೇನಾಪತಿ. ಆ ಪಾತ್ರವನ್ನು ಬಿಳಿಯರೇ ಮುಖಕ್ಕೆ ಕಪ್ಪು ಬಳಿದು ಆಡುತ್ತಿದ್ದರು. 1833ರಲ್ಲಿ ಐರಾ ಆಲ್ಡ್ರಿಜ್ ಎಂಬ ಕಪ್ಪು ಅಮೆರಿಕನ್ ನಟ ಕೋವೆಂಟ್ ಗಾರ್ಡನ್‌ನ ದೊಡ್ಡ ರಂಗಮಂದಿರದಲ್ಲಿ ಆ ಪಾತ್ರ ಮಾಡಿದ. ಪತ್ರಿಕೆಗಳು ಅವನ ಬಣ್ಣ ಹಿಡಿದು ಬೈದವು, ಎರಡೇ ಪ್ರದರ್ಶನಕ್ಕೆ ನಿಂತುಹೋಯಿತು. 2002ರಲ್ಲಿ ಎ.ಆರ್. ರಹ್ಮಾನ್ ಸಂಗೀತದ ‘ಬಾಂಬೆ ಡ್ರೀಮ್ಸ್’ ಅಪೊಲೊ ವಿಕ್ಟೋರಿಯಾ ಥಿಯೇಟರಿನಲ್ಲಿ ತೆರೆ ಕಂಡಿತು. ಈಗ ಶನಿವಾರ ಮಧ್ಯಾಹ್ನದ ಸಾಲಿನಲ್ಲಿ ಸ್ಕಾರ್ಫ್ ಹಾಕಿದ ಹೆಣ್ಣುಮಕ್ಕಳು, ಅಜ್ಜಿಯರು ನಿಂತಿರುವುದು ಅಲ್ಲಿ ಯಾರಿಗೂ ವಿಶೇಷವಲ್ಲ.

ನಮ್ಮ ಕನ್ನಡದ ನಂಟೂ ಹತ್ತಿರದಲ್ಲೇ ಉಂಟು. ‘ತುಘಲಕ್’ ಬರೆದ ಗಿರೀಶ್ ಕಾರ್ನಾಡರು 2000ದಿಂದ 2003ರವರೆಗೆ ಲಂಡನ್ನಿನ ನೆಹರೂ ಸೆಂಟರ್‌ನ ನಿರ್ದೇಶಕರಾಗಿದ್ದರು. ಭಾರತ ಸರಕಾರದ ಈ ಸಾಂಸ್ಕೃತಿಕ ಕೇಂದ್ರ ಮೇಫೇರ್‌ನಲ್ಲಿದೆ, ಪಿಕಡಿಲ್ಲಿಯಿಂದ ಬಹಳ ದೂರವಿಲ್ಲ. ಅಲ್ಲಿನ ಕಾರ್ಯಕ್ರಮಗಳು ಹೆಚ್ಚಾಗಿ ಉಚಿತ.

‘ನಮಗೆ ಇದೆಲ್ಲ ಸರಿಯಾ?’

ಈ ಪ್ರಶ್ನೆ ಕೆಲವು ಮನೆಗಳಲ್ಲಿ ಬಂದೇ ಬರುತ್ತದೆ, ಬರಬೇಕಾದದ್ದೇ. ಹಾಡು, ಕುಣಿತ, ವೇಷ ಇವುಗಳ ಬಗ್ಗೆ ನಮ್ಮಲ್ಲಿ ಒಂದೇ ಅಭಿಪ್ರಾಯ ಇಲ್ಲ. ಬೇಡ ಎನ್ನುವವರ ಮಾತಿಗೂ ಬೆಲೆ ಕೊಡಬೇಕು. ತಮ್ಮ ಜಮಾಅತಿನ ಖತೀಬರಲ್ಲಿ, ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳುವವರು ಹಾಗೆ ಮಾಡಲಿ. ಇಲ್ಲಿ ಫತ್ವಾ ಕೊಡುವ ಕೆಲಸ ನಮ್ಮದಲ್ಲ.

ನಮ್ಮ ಮಾತು ಬೇರೆ. ಮಕ್ಕಳು ಹೋಗುವುದು ಹೇಗೂ ಹೋಗುತ್ತಾರೆ. ಆಗ ಉಮ್ಮ-ಬಾಪನಿಗೆ ‘ಇದು ಇಂಥ ನಾಟಕ, ಇದರಲ್ಲಿ ಇಂಥ ಕತೆ, ಬರುತ್ತೀರಾ?’ ಎಂದು ಕೇಳುವುದು ಮರ್ಯಾದೆ. ಬೇಡ ಎಂದರೆ ಒತ್ತಾಯ ಬೇಡ, ಬರುತ್ತೇನೆ ಎಂದರೆ ನೆಪ ಬೇಡ.

ಆರಿಸುವುದಂತೂ ನಮ್ಮ ಕೈಯಲ್ಲೇ ಉಂಟು. ವೆಸ್ಟ್ ಎಂಡ್‌ನಲ್ಲಿ ಎಲ್ಲ ಬಗೆಯದ್ದೂ ಇದೆ. ದೇವರನ್ನು, ಧರ್ಮವನ್ನು ತಮಾಷೆ ಮಾಡುವ ನಾಟಕವೂ ಉಂಟು, ಮನೆಮಂದಿ ಜೊತೆ ಕೂತು ನೋಡಲಾಗದ್ದೂ ಉಂಟು. ಪ್ರತಿ ನಾಟಕದ ಅಧಿಕೃತ ವೆಬ್‌ಸೈಟಿನಲ್ಲಿ ಎಷ್ಟು ವಯಸ್ಸಿನವರಿಗೆ ತಕ್ಕದ್ದು, ಅದರಲ್ಲಿ ಬೈಗುಳ, ಹಿಂಸೆ, ಅಶ್ಲೀಲ ದೃಶ್ಯ ಉಂಟಾ ಎಂದು ಬರೆದಿರುತ್ತಾರೆ. ಟಿಕೆಟಿನ ದರ ನೋಡುವ ಮೊದಲು ಅದನ್ನು ಓದಿ. ಉದಾಹರಣೆಗೆ ‘ಲೆ ಮಿಸರಾಬ್ಲ್’ ರೊಟ್ಟಿ ಕದ್ದು ಜೈಲಿಗೆ ಹೋದ ಬಡವನ ಕತೆ, ಮನ ಕಲಕುವಂಥದ್ದು. ಆದರೆ ಬಡತನಕ್ಕೆ ಸಿಕ್ಕಿ ಮೈ ಮಾರಿಕೊಳ್ಳುವ ಹೆಣ್ಣಿನ ದೃಶ್ಯವೂ ಅದರಲ್ಲಿದೆ. ಚಿಕ್ಕ ಮಕ್ಕಳಿದ್ದರೆ, ಹಿರಿಯರಿದ್ದರೆ ಇದು ಮೊದಲೇ ಗೊತ್ತಿರುವುದು ಒಳ್ಳೆಯದು.

ಇಂಗ್ಲಿಷ್ ಬಾರದವರಿಗೆ ಯಾವ ನಾಟಕ?

ವೆಸ್ಟ್ ಎಂಡ್ ನಾಟಕಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಒಂದು, ಮಾತಿನ ಮೇಲೆ ನಿಂತದ್ದು. ಇನ್ನೊಂದು, ಕಣ್ಣಿಗೆ ಕಾಣುವುದರ ಮೇಲೆ ನಿಂತದ್ದು.

‘ದ ಮೌಸ್‌ಟ್ರ್ಯಾಪ್’ ಮೊದಲ ಗುಂಪಿನದ್ದು. ಹಿಮ ಬಿದ್ದು ದಾರಿ ಮುಚ್ಚಿದ ಮನೆ, ಒಳಗೆ ಕೆಲವು ಜನ, ಒಬ್ಬ ಕೊಲೆಗಾರ. ಪೂರ್ತಿ ಮಾತೇ. ಇಂಗ್ಲಿಷ್ ಚೆನ್ನಾಗಿ ಬಲ್ಲ ಬಾಪನಿಗೆ ಹಿಡಿಸೀತು, ಇಂಗ್ಲಿಷ್ ಬಾರದ ಉಮ್ಮನಿಗೆ ಎರಡು ಗಂಟೆ ಶಿಕ್ಷೆ.

‘ದ ಲಯನ್ ಕಿಂಗ್’ ಎರಡನೇ ಗುಂಪಿನದ್ದು. ಕತೆ ಸರಳ. ತಂದೆಯನ್ನು ಕಳೆದುಕೊಂಡ ಸಿಂಹದ ಮರಿ ಊರು ಬಿಟ್ಟು ಹೋಗುತ್ತದೆ, ದೊಡ್ಡದಾಗಿ ವಾಪಸ್ ಬಂದು ತನ್ನ ಜಾಗ ಪಡೆಯುತ್ತದೆ. ಜಿರಾಫೆ, ಆನೆ, ಜಿಂಕೆ, ಹಕ್ಕಿ ಎಲ್ಲವನ್ನೂ ಮುಖವಾಡ ಮತ್ತು ಬೊಂಬೆಗಳಿಂದ ಮಾಡಿದ್ದಾರೆ. ಶುರುವಿನಲ್ಲೇ ಪ್ರಾಣಿಗಳ ಮೆರವಣಿಗೆ ಜನ ಕೂತ ಸಾಲುಗಳ ನಡುವಿನಿಂದಲೇ ವೇದಿಕೆಗೆ ಹತ್ತುತ್ತದೆ. ಬೊಂಬೆಯ ಒಳಗೆ ಇರುವ ಮನುಷ್ಯ ನಮಗೆ ಕಾಣುತ್ತಲೇ ಇರುತ್ತಾನೆ, ಆದರೂ ಸ್ವಲ್ಪ ಹೊತ್ತಿನಲ್ಲಿ ಕಣ್ಣಿಗೆ ಪ್ರಾಣಿ ಮಾತ್ರ ಕಾಣುತ್ತದೆ. ನಮ್ಮೂರಿನ ಬಯಲಾಟದಲ್ಲಿ ವೇಷದ ಬಣ್ಣ, ಕಿರೀಟ ನೋಡಿಯೇ ಇವ ರಾಜ, ಇವ ರಾಕ್ಷಸ ಎಂದು ಗುರುತಿಸಿದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಬೊಂಬೆಯ ಆಟಕ್ಕೆ ಅಲ್ಲಿ ಎಷ್ಟು ಬೆಲೆ ಎಂದರೆ, 2022ರಲ್ಲಿ ‘ಲೈಫ್ ಆಫ್ ಪೈ’ ನಾಟಕದ ಹುಲಿಯನ್ನು ಆಡಿಸಿದ ಏಳು ಮಂದಿಗೆ ಒಟ್ಟಾಗಿ ಪೋಷಕ ನಟ ಪ್ರಶಸ್ತಿ ಸಿಕ್ಕಿತು. ಒಲಿವಿಯರ್ ಪ್ರಶಸ್ತಿ ಎಂದರೆ ಲಂಡನ್ ರಂಗಭೂಮಿಯ ಅತಿ ದೊಡ್ಡ ಪ್ರಶಸ್ತಿ. ಮಾತೇ ಆಡದ ಹುಲಿಗೆ ಅದು ಬಂತು.

ಮಕ್ಕಳು ಜೊತೆಗಿದ್ದರೆ 2011ರಿಂದ ನಡೆಯುತ್ತಿರುವ ‘ಮಟಿಲ್ಡಾ’ ಉಂಟು. ಪುಸ್ತಕದ ಹುಚ್ಚಿನ ಪುಟ್ಟ ಹುಡುಗಿ, ಹೆದರಿಸುವ ಹೆಡ್‌ಮೇಡಂ. ಆದರೆ ಅದರ ಹಾಡುಗಳಲ್ಲಿ ಮಾತಿನ ಚಮತ್ಕಾರ ಹೆಚ್ಚು, ಅಲ್ಲಿ ಓದುವ ಮೊಮ್ಮಕ್ಕಳಿಗೆ ಹೆಚ್ಚು ಹಿಡಿಸುತ್ತದೆ. ಒಂದೇ ನಾಟಕ ಎಲ್ಲರಿಗೂ ಎಂದಾದರೆ, ಮನೆಯಲ್ಲಿ ಯಾರಿಗೆ ಭಾಷೆ ಕಮ್ಮಿಯೋ ಅವರ ಲೆಕ್ಕದಲ್ಲೇ ಆರಿಸಿ.

ಇನ್ನೊಂದು ಕೆಲಸ ಮಾಡಿ. ಹಿಂದಿನ ರಾತ್ರಿ ಊಟದ ಹೊತ್ತಿಗೆ ಮೊಮ್ಮಕ್ಕಳಿಂದಲೇ ಕತೆ ಹೇಳಿಸಿ, ಬ್ಯಾರಿಯಲ್ಲಿ. ಅಲ್ಲಿ ಹುಟ್ಟಿದ ಮಕ್ಕಳಿಗೆ ನಾಲಗೆ ತೊಡರುತ್ತದೆ, ತೊಡರಲಿ. ಉಮ್ಮನಿಗೆ ಕತೆ ಗೊತ್ತಾಗುತ್ತದೆ, ಮಕ್ಕಳಿಗೆ ನಮ್ಮ ಮಾತು ನಾಲ್ಕು ವಾಕ್ಯವಾದರೂ ಬರುತ್ತದೆ.

ನಮಾಝಿನ ಸಮಯ ನೋಡಿ ಶೋ ಆರಿಸಿ

ಇದು ಬಹಳ ಮುಖ್ಯ, ಹೆಚ್ಚಿನವರು ಲೆಕ್ಕ ತಪ್ಪುವುದೂ ಇಲ್ಲೇ. ವೆಸ್ಟ್ ಎಂಡ್‌ನಲ್ಲಿ ಸಂಜೆಯ ಆಟ ಸಾಮಾನ್ಯವಾಗಿ ಏಳೂವರೆಗೆ ಶುರುವಾಗಿ ಹತ್ತರ ಹೊತ್ತಿಗೆ ಮುಗಿಯುತ್ತದೆ. ಮಧ್ಯಾಹ್ನದ ಆಟ, ಅಂದರೆ ಮ್ಯಾಟಿನಿ, ಎರಡೂವರೆಗೆ ಶುರುವಾಗಿ ಐದಕ್ಕೆ ಮುಗಿಯುತ್ತದೆ. ಮ್ಯಾಟಿನಿ ಹೆಚ್ಚಾಗಿ ಬುಧವಾರ ಅಥವಾ ಗುರುವಾರ, ಮತ್ತು ಶನಿವಾರ. ಕೆಲವು ಕಡೆ ಭಾನುವಾರವೂ ಉಂಟು.

ನಮ್ಮ ಊರಲ್ಲಿ ಮಗ್ರಿಬ್ ವರ್ಷವಿಡೀ ಆರರಿಂದ ಏಳರ ಆಸುಪಾಸಿನಲ್ಲೇ ಇರುತ್ತದೆ. ಲಂಡನ್ ಹಾಗಲ್ಲ. ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ 9.20ಕ್ಕೆ, ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೂ ಮೊದಲೇ, 3.52ರ ಹೊತ್ತಿಗೆ. ಹಾಗಾಗಿ ಯಾವ ಆಟ ಅನುಕೂಲ ಎಂಬುದು ನೀವು ಹೋಗುವ ತಿಂಗಳಿನ ಮೇಲೆ ನಿಂತಿದೆ.

ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ಹೋಗುವವರಿಗೆ ಮ್ಯಾಟಿನಿಯೇ ಸರಿ. ಲುಹರ್ ಸುಮಾರು ಒಂದು ಗಂಟೆಗೆ. ಅದನ್ನು ಮುಗಿಸಿ ಒಳಗೆ ಹೋದರೆ ಹೊರಗೆ ಬರುವಾಗ ಅಸರ್ ಸಮಯ, ಸೂರ್ಯಾಸ್ತಕ್ಕೆ ಇನ್ನೂ ಮೂರು ಗಂಟೆಗಿಂತ ಹೆಚ್ಚು ಉಂಟು. ಅದೇ ತಿಂಗಳುಗಳಲ್ಲಿ ಸಂಜೆಯ ಆಟಕ್ಕೆ ಹೋದರೆ ಮಗ್ರಿಬ್ ನಾಟಕದ ನಡುವೆಯೇ ಬರುತ್ತದೆ. ಮುಗಿದ ಮೇಲೆ ಇಶಾದ ಮೊದಲು ಸಿಗುವ ಸಮಯ ಬಹಳ ಕಡಿಮೆ, ನಿಲ್ಲಲು ಜಾಗವನ್ನೂ ರಾತ್ರಿ ಹತ್ತರ ನಂತರ ಹುಡುಕಬೇಕು.

ಡಿಸೆಂಬರ್, ಜನವರಿಯಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಮ್ಯಾಟಿನಿಗೆ ಹೋದರೆ ಮಗ್ರಿಬ್ ಒಳಗೇ ಆಗಿಬಿಡುತ್ತದೆ. ಸಂಜೆ ಏಳೂವರೆಯ ಆಟಕ್ಕೆ ಹೋಗುವುದಾದರೆ ಅಷ್ಟರೊಳಗೆ ಇಶಾ ಕೂಡ ಮುಗಿಸಿಕೊಂಡು ನೆಮ್ಮದಿಯಾಗಿ ಕೂರಬಹುದು. ಬೇಸಿಗೆಗೆ ಮಧ್ಯಾಹ್ನ, ಚಳಿಗಾಲಕ್ಕೆ ರಾತ್ರಿ ಎಂದು ನೆನಪಿಟ್ಟುಕೊಳ್ಳಿ.

ನಾವು ಬ್ಯಾರಿಗಳು ಹೆಚ್ಚಿನವರು ಶಾಫಿ ಮದ್‌ಹಬ್‌ನವರು. ಬ್ರಿಟನ್ನಿನ ಮಸೀದಿಗಳಲ್ಲಿ ಹನಫಿ ಪದ್ಧತಿಯವು ಬಹಳ. ಅಲ್ಲಿನ ಸಮಯದ ಪಟ್ಟಿಯಲ್ಲಿ ಅಸರಿಗೆ ಎರಡು ಸಮಯ ಹಾಕಿರುವುದು ಕಾಣಬಹುದು, ಮಿಸ್ಲ್ ಒಂದು, ಮಿಸ್ಲ್ ಎರಡು ಎಂದು. ನಮ್ಮದು ಮೊದಲನೆಯದ್ದು. ಬೇಸಿಗೆಯಲ್ಲಿ ಎರಡರ ನಡುವೆ ಒಂದು ಗಂಟೆಗಿಂತಲೂ ಹೆಚ್ಚು ಅಂತರ ಇರುತ್ತದೆ. ಇಶಾದ ಸಮಯವಂತೂ ಬೇಸಿಗೆಯಲ್ಲಿ ಮಸೀದಿಯಿಂದ ಮಸೀದಿಗೆ ಬೇರೆ. ಉಳಿದುಕೊಳ್ಳುವ ಮನೆಯ ಹತ್ತಿರದ ಮಸೀದಿಯ ಪಟ್ಟಿಯ ಫೋಟೋ ಒಂದು ಫೋನಿನಲ್ಲಿ ಇರಲಿ.

ಜಮ್ಅ್, ಕಸ್ರ್ ಬಗ್ಗೆಯೂ ಒಂದು ಮಾತು. ‘ನಾವು ಯಾತ್ರಿಕರಲ್ವಾ, ಸೇರಿಸಿ ಮಾಡಿದರಾಯಿತು’ ಎನ್ನುವವರು ಉಂಟು. ಶಾಫಿ ಪ್ರಕಾರ, ಹೋದ ದಿನ ಮತ್ತು ಹೊರಡುವ ದಿನ ಬಿಟ್ಟು ನಾಲ್ಕು ದಿನ ಅಥವಾ ಹೆಚ್ಚು ಒಂದು ಊರಲ್ಲಿ ಇರುವ ಉದ್ದೇಶ ಇದ್ದರೆ ಆ ರಿಯಾಯಿತಿ ಇಲ್ಲ. ಲಂಡನ್ನಿನಲ್ಲೇ ಮಗನ ಮನೆಯಲ್ಲಿ ತಿಂಗಳು ಇರಲು ಹೋದವರಿಗೆ ಹಾಗಾಗಿ ಅದು ಸಿಗುವುದಿಲ್ಲ. ಮ್ಯಾಂಚೆಸ್ಟರಿನಿಂದ ಒಂದು ದಿನಕ್ಕೆ ಲಂಡನ್ನಿಗೆ ಬಂದು ಹೋಗುವವರ ವಿಷಯ ಬೇರೆ. ಹೊರಡುವ ಮೊದಲು ಊರಿನ ಉಸ್ತಾದರಲ್ಲಿ ಒಮ್ಮೆ ಕೇಳಿಕೊಂಡರೆ ಅಲ್ಲಿ ಗೊಂದಲ ಇರುವುದಿಲ್ಲ.

ಕಿಬ್ಲಾ ವಿಷಯದಲ್ಲೂ ಹಿರಿಯರಿಗೆ ತಬ್ಬಿಬ್ಬಾಗುತ್ತದೆ. ಊರಲ್ಲಿ ಪಡುವಣಕ್ಕೆ ತಿರುಗಿ ಅಭ್ಯಾಸ. ಲಂಡನ್ನಿನಲ್ಲಿ ಆಗ್ನೇಯಕ್ಕೆ ತಿರುಗಬೇಕು.

ಮಸೀದಿ, ನಾಟಕ ಎರಡೂ ಇರುವ ಪಾರ್ಕು

ಲಂಡನ್ ಸೆಂಟ್ರಲ್ ಮಸೀದಿ ಇರುವುದು ರೀಜೆಂಟ್ಸ್ ಪಾರ್ಕಿನ ಅಂಚಿನಲ್ಲಿ. 1944ರಲ್ಲಿ ಆರನೇ ಜಾರ್ಜ್ ದೊರೆ ಇಲ್ಲಿನ ಇಸ್ಲಾಮಿಕ್ ಕಲ್ಚರಲ್ ಸೆಂಟರನ್ನು ಉದ್ಘಾಟಿಸಿದರು. ಬಂಗಾರ ಬಣ್ಣದ ಗುಮ್ಮಟದ ಮಸೀದಿ ಪೂರ್ತಿಯಾದದ್ದು 1977ರಲ್ಲಿ. ಹೆಂಗಸರಿಗೆ ಪ್ರತ್ಯೇಕ ಜಾಗ ಉಂಟು. ಪಿಕಡಿಲ್ಲಿ ಸರ್ಕಸ್‌ನಿಂದ ಬೇಕರ್‌ಲೂ ಲೈನಿನ ರೈಲು ಹತ್ತಿದರೆ ಮೂರನೇ ಸ್ಟೇಷನ್ ಬೇಕರ್ ಸ್ಟ್ರೀಟ್, ಅಲ್ಲಿಂದ ಕಾಲು ಗಂಟೆ ನಡಿಗೆ.

ಇದೇ ಪಾರ್ಕಿನೊಳಗೆ 1932ರಲ್ಲಿ ಶುರುವಾದ ಬಯಲು ರಂಗಮಂದಿರವೂ ಇದೆ. ಬೇಸಿಗೆಯಲ್ಲಿ ಮಾತ್ರ ನಾಟಕ. ಮೇಲೆ ಆಕಾಶ, ಸುತ್ತ ಮರ. ಕತ್ತಲೆ ಕೋಣೆಯಲ್ಲಿ ಕೂರಲು ಆಗದವರಿಗೆ ಇದು ಹಿತ. ಮಸೀದಿಯಲ್ಲಿ ಲುಹರ್ ಮುಗಿಸಿ, ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಉಂಡು, ಪಾರ್ಕಿನೊಳಗೇ ನಡೆದು ಮ್ಯಾಟಿನಿಗೆ ಹೋಗಬಹುದು. ಮಳೆ ಬಂದರೆ ನೆನೆಯಬೇಕು ಅಷ್ಟೇ, ರೈನ್‌ಕೋಟ್ ಇರಲಿ.

ಲೆಸ್ಟರ್ ಸ್ಕ್ವೇರ್ ಕಡೆ ಇರುವಾಗ ಸಮಯ ಆದರೆ ಟ್ರಫಾಲ್ಗರ್ ಸ್ಕ್ವೇರ್ ದಾಟಿ ಸ್ವಲ್ಪ ನಡೆದರೆ ಸೇಂಟ್ ಜೇಮ್ಸ್ ಪಾರ್ಕ್. ಮಡಚುವ ಮುಸಲ್ಲಾ ಒಂದು ಬ್ಯಾಗಿನಲ್ಲಿದ್ದರೆ ಹುಲ್ಲಿನ ಮೇಲೆ ನಮಾಝ್ ಮಾಡಬಹುದು. ವುಝೂ ಮಾತ್ರ ಮನೆಯಿಂದಲೇ ಮಾಡಿಕೊಂಡು ಹೊರಡುವುದು ಸುಲಭ, ಹೊರಗಿನ ವಾಶ್‌ಬೇಸಿನ್‌ನಲ್ಲಿ ಕಾಲು ತೊಳೆಯುವುದು ಹಿರಿಯರಿಗೆ ಕಷ್ಟ. ಖಾಲಿ ನೀರಿನ ಬಾಟ್ಲಿ ಒಂದು ಕೈಚೀಲದಲ್ಲಿ ಇರಲಿ, ಯಾಕೆ ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ.

ಟಿಕೆಟಿನ ಲೆಕ್ಕ

ದೊಡ್ಡ ನಾಟಕಗಳಲ್ಲಿ ಕಡಿಮೆ ದರದ ಸೀಟು 25-30 ಪೌಂಡಿನ ಆಸುಪಾಸು. ಒಳ್ಳೆಯ ಸೀಟಿಗೆ 100 ಪೌಂಡ್ ದಾಟುತ್ತದೆ. ಪೌಂಡಿಗೆ ನೂರು ರೂಪಾಯಿಗಿಂತ ಮೇಲೆ ಎಂದು ಲೆಕ್ಕ ಹಿಡಿದರೆ, 30 ಪೌಂಡಿನ ನಾಲ್ಕು ಸೀಟಿಗೆ 12 ಸಾವಿರ ರೂಪಾಯಿ ದಾಟಿತು. ಓದುತ್ತಾ ಪಾರ್ಟ್‌ಟೈಮ್ ದುಡಿಯುವ ಮಗನಿಗೆ ಇದು ಸಣ್ಣ ಮೊತ್ತವಲ್ಲ. ಕಡಿಮೆ ಮಾಡುವ ದಾರಿಗಳು ಹೀಗೆ:

• ವಾರದ ನಡುವಿನ ಮ್ಯಾಟಿನಿ ಶನಿವಾರಕ್ಕಿಂತ ಹೆಚ್ಚಾಗಿ ಅಗ್ಗ. ಮಕ್ಕಳಿಗೆ ಶಾಲೆ ಇದ್ದರೆ ಹಿರಿಯರನ್ನಷ್ಟೇ ಕರೆದುಕೊಂಡು ಹೋಗಿ.

• ಲೆಸ್ಟರ್ ಸ್ಕ್ವೇರಿನಲ್ಲಿ ಟಿಕೆಟಿಎಸ್ ಎಂಬ ಬೂತ್ ಉಂಟು. ಥಿಯೇಟರ್ ಮಾಲೀಕರ ಸಂಘವೇ ನಡೆಸುವುದು, 1980ರಿಂದ ಇದೆ. ಅಂದಿನ ಮತ್ತು ಹತ್ತಿರದ ದಿನಗಳ ಉಳಿದ ಟಿಕೆಟುಗಳು ರಿಯಾಯಿತಿಯಲ್ಲಿ ಸಿಗುತ್ತವೆ. ಸುತ್ತಮುತ್ತ ಇದೇ ಥರ ಬೋರ್ಡ್ ಹಾಕಿಕೊಂಡ ಬೇರೆ ಅಂಗಡಿಗಳೂ ಉಂಟು, ಚೌಕದೊಳಗಿನ ಬೂತ್ ಯಾವುದೆಂದು ನೋಡಿಕೊಳ್ಳಿ.

• ಬೇಸಿಗೆ ರಜೆಯಲ್ಲಿ ‘ಕಿಡ್ಸ್ ವೀಕ್’ ಎಂಬ ಯೋಜನೆ. ಹೆಸರು ವಾರ, ನಡೆಯುವುದು ವಾರಗಟ್ಟಲೆ, ಆಗಸ್ಟ್ ಪೂರ್ತಿ ಸೇರಿ. ಪೂರ್ಣ ದರ ಕೊಡುವ ಒಬ್ಬ ದೊಡ್ಡವರ ಜೊತೆ ಒಂದು ಮಗುವಿಗೆ ಉಚಿತ, ಇನ್ನೆರಡು ಮಕ್ಕಳಿಗೆ ಅರ್ಧ ದರ. ದುಬೈ, ಅಬುಧಾಬಿಯ ಶಾಲೆಗಳಿಗೂ ಆಗಲೇ ರಜೆ. ಗಲ್ಫ್‌ನಿಂದ ಲಂಡನ್ನಿಗೆ ಹೋಗುವ ನಮ್ಮ ಕುಟುಂಬಗಳಿಗೆ ಇದು ಹೇಳಿ ಮಾಡಿಸಿದಂತೆ. ಬುಕಿಂಗ್ ಮಾತ್ರ ತಿಂಗಳುಗಳ ಮೊದಲೇ ತೆರೆಯುತ್ತದೆ.

• ಟಿಕೆಟ್ ಥಿಯೇಟರಿನ ಸ್ವಂತ ವೆಬ್‌ಸೈಟಿನಿಂದಲೇ ತೆಗೆಯಿರಿ. ಮರುಮಾರಾಟದ ಸೈಟುಗಳಲ್ಲಿ ಇಮ್ಮಡಿ ದರ ಇರುವುದುಂಟು, ನಕಲಿ ಟಿಕೆಟಿನ ಭಯವೂ ಉಂಟು.

ಹಿರಿಯರು ಜೊತೆಗಿರುವಾಗ ಕೊನೆಯ ಗಳಿಗೆಯ ಅಗ್ಗದ ಟಿಕೆಟಿಗೆ ಕಾದು ಕೂರಬೇಡಿ ಎಂಬುದು ನಮ್ಮ ಸಲಹೆ. ಸಿಕ್ಕಿದ ಸೀಟು ಒಬ್ಬರಿಗೆ ಅಲ್ಲಿ, ಒಬ್ಬರಿಗೆ ಇಲ್ಲಿ ಆಗಬಹುದು. ಅದರಲ್ಲೂ ಉಮ್ಮನ ಪಕ್ಕ ಗುರುತಿಲ್ಲದವರು ಕೂತರೆ ನಾಟಕದ ಸುಖ ಅಲ್ಲಿಗೇ ಮುಗಿಯಿತು. ಮೊದಲೇ ಸೀಟಿನ ನಕ್ಷೆ ನೋಡಿ, ಸಾಲಾಗಿ, ಉಮ್ಮನಿಗೆ ದಾರಿಯ ಬದಿಯ ಸೀಟು ಇಟ್ಟು ಒಟ್ಟಿಗೆ ತೆಗೆಯಿರಿ.

ಮೆಟ್ಟಿಲು ಮತ್ತು ಮೊಣಕಾಲು

ವೆಸ್ಟ್ ಎಂಡ್‌ನ ಮಂದಿರಗಳು ಹೆಚ್ಚಿನವು ನೂರು ವರ್ಷ ದಾಟಿದವು. ಆ ಕಾಲದಲ್ಲಿ ಶ್ರೀಮಂತರಿಗೆ ಒಂದು ಬಾಗಿಲು, ಬಡವರಿಗೆ ಪಕ್ಕದ ಗಲ್ಲಿಯಿಂದ ಇನ್ನೊಂದು ಬಾಗಿಲು. ಬಡವರು ಹತ್ತಬೇಕಾದದ್ದು ಛಾವಣಿಗೆ ತಾಗುವ ಗ್ಯಾಲರಿಗೆ. ಕಟ್ಟಡ ಇವತ್ತಿಗೂ ಹಾಗೇ ಉಂಟು. ಅಗ್ಗದ ಟಿಕೆಟ್ ಎಂದರೆ ಎತ್ತರ, ಕಡಿದಾದ ಮೆಟ್ಟಿಲು, ಕಾಲು ಚಾಚಲು ಜಾಗವಿಲ್ಲದ ಸೀಟು. ಲಿಫ್ಟ್ ಇಲ್ಲದ ಕಡೆಯೇ ಹೆಚ್ಚು.

ಸೀಟುಗಳ ಹೆಸರು ತಿಳಿದುಕೊಳ್ಳಿ. ‘ಸ್ಟಾಲ್ಸ್’ ಎಂದರೆ ಕೆಳಗಿನ ಮಟ್ಟ, ವೇದಿಕೆಯ ಎದುರು. ಅದರ ಮೇಲೆ ‘ಡ್ರೆಸ್ ಸರ್ಕಲ್’, ಕೆಲವು ಕಡೆ ‘ರಾಯಲ್ ಸರ್ಕಲ್’ ಎನ್ನುತ್ತಾರೆ. ಅದರ ಮೇಲೆ ‘ಅಪ್ಪರ್ ಸರ್ಕಲ್’, ತುದಿಯಲ್ಲಿ ‘ಬಾಲ್ಕನಿ’. ಸ್ಟಾಲ್ಸ್ ಎಂದರೆ ನೆಲದ ಮಟ್ಟ, ಮೆಟ್ಟಿಲು ಇರುವುದಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಮಂದಿರಗಳಲ್ಲಿ ಸ್ಟಾಲ್ಸ್ ಇರುವುದು ರಸ್ತೆಗಿಂತ ಕೆಳಗೆ, ಮೆಟ್ಟಿಲು ಇಳಿಯಲೇಬೇಕು. ರಸ್ತೆಯ ಮಟ್ಟಕ್ಕೆ ಹತ್ತಿರ ಇರುವುದು ಡ್ರೆಸ್ ಸರ್ಕಲ್. ಪ್ರತಿ ಥಿಯೇಟರಿನ ವೆಬ್‌ಸೈಟಿನಲ್ಲಿ ‘ಆ್ಯಕ್ಸೆಸ್’ ಎಂಬ ಪುಟ ಇರುತ್ತದೆ. ಎಷ್ಟು ಮೆಟ್ಟಿಲು, ಶೌಚಾಲಯ ಎಲ್ಲಿ ಎಂದು ಅದರಲ್ಲಿ ಬರೆದಿರುತ್ತಾರೆ. ಫೋನ್ ಮಾಡಿಯೂ ಕೇಳಬಹುದು. ವೀಲ್‌ಚೇರಿನವರಿಗೆ ಮತ್ತು ಅವರ ಜೊತೆಗಾರರಿಗೆ ದರದಲ್ಲಿ ರಿಯಾಯಿತಿ ಇರುವ ಕಡೆ ಬಹಳ, ನಾಚಿಕೊಳ್ಳದೆ ವಿಚಾರಿಸಿ.

‘ರಿಸ್ಟ್ರಿಕ್ಟೆಡ್ ವ್ಯೂ’ ಎಂದು ಬರೆದ ಸೀಟು ಅಗ್ಗ, ಎದುರಿಗೆ ಕಂಬ ಅಥವಾ ಕಟಾಂಜನ ಅಡ್ಡ ಬರುತ್ತದೆ. ಕಣ್ಣಿನಿಂದಲೇ ಕತೆ ಹಿಡಿಯಬೇಕಾದ ಉಮ್ಮನಿಗೆ ಅದು ಬೇಡ.

ರೈಲಿನ ವಿಷಯ. ಹೀಥ್ರೂ ವಿಮಾನ ನಿಲ್ದಾಣದಿಂದ ಪಿಕಡಿಲ್ಲಿ ಲೈನ್ ನೇರವಾಗಿ ಈ ನಾಟಕದ ಬೀದಿಗೇ ಬರುತ್ತದೆ, ಸುಮಾರು ಒಂದು ಗಂಟೆ. ಆದರೆ ಕೋವೆಂಟ್ ಗಾರ್ಡನ್ ಸ್ಟೇಷನ್ನಿನಲ್ಲಿ ಇಳಿದರೆ ಮೇಲೆ ಬರಲು ಲಿಫ್ಟಿಗೇ ಕಾಯಬೇಕು. ಸಾಲು ನೋಡಿ ಮೆಟ್ಟಿಲು ಹಿಡಿದವರಿಗೆ 193 ಮೆಟ್ಟಿಲು. ಹಿರಿಯರಿದ್ದರೆ ಎಸ್ಕಲೇಟರ್ ಇರುವ ಲೆಸ್ಟರ್ ಸ್ಕ್ವೇರಿನಲ್ಲೇ ಇಳಿದು ನಿಧಾನಕ್ಕೆ ನಡೆಯಿರಿ. 11 ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಟ್ಯೂಬ್ ರೈಲಿನಲ್ಲಿ ಟಿಕೆಟ್ ಬೇಡ.

ಕೈಗೂಸನ್ನು ಹೆಚ್ಚಿನ ನಾಟಕಗಳಿಗೆ ಒಳಗೆ ಬಿಡುವುದಿಲ್ಲ, ದೊಡ್ಡ ಮಕ್ಕಳಿಗೆ ಪ್ರತ್ಯೇಕ ಟಿಕೆಟ್ ಬೇಕು. ಮಗುವನ್ನು ನೋಡಿಕೊಳ್ಳಲು ಯಾರು ಉಳಿಯುವುದು ಎಂಬ ಪ್ರಶ್ನೆ ಬಂದಾಗ ಆ ಕೆಲಸ ತಾನಾಗಿ ಉಮ್ಮನ ತಲೆಗೆ ಬೀಳುತ್ತದೆ. ಎರಡು ಸರದಿ ಮಾಡಿ. ಒಂದು ದಿನ ಮಗ ಉಮ್ಮ-ಬಾಪನನ್ನು ಕರೆದುಕೊಂಡು ಹೋಗಲಿ, ಇನ್ನೊಂದು ದಿನ ಸೊಸೆ ದೊಡ್ಡ ಮಕ್ಕಳ ಜೊತೆ ಹೋಗಲಿ. ಸೊಸೆಯೂ ಮನೆಯಲ್ಲೇ ಉಳಿಯಬೇಕಾದವಳಲ್ಲ.

ಊಟ ಮತ್ತು ಪಕ್ಕದ ಸೀಟು

ಥಿಯೇಟರ್ ಒಳಗೆ ಬಾರ್ ಇರುತ್ತದೆ. ಪ್ಲಾಸ್ಟಿಕ್ ಲೋಟದಲ್ಲಿ ಮದ್ಯ ಹಿಡಿದು ಸೀಟಿಗೇ ಬರುವವರೂ ಇರುತ್ತಾರೆ. ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ. ಮಕ್ಕಳು, ಅಜ್ಜಿಯರು ಹೆಚ್ಚು ಬರುವ ಮ್ಯಾಟಿನಿಯಲ್ಲಿ ಈ ಕಿರಿಕಿರಿ ಕಮ್ಮಿ.

ನಡುವೆ ಹದಿನೈದು-ಇಪ್ಪತ್ತು ನಿಮಿಷದ ವಿರಾಮ ಇರುತ್ತದೆ. ಸಣ್ಣ ಡಬ್ಬಿಯ ಐಸ್‌ಕ್ರೀಂ ಮಾರಿಕೊಂಡು ಬರುವುದು ಅಲ್ಲಿನ ರೂಢಿ. ಮಕ್ಕಳಿಗೆ ಕೊಡಿಸುವಾಗ ಜೆಲಾಟಿನ್ ಇಲ್ಲದ, ಸಸ್ಯಾಹಾರಿ ಗುರುತು ಇರುವುದನ್ನು ನೋಡಿ. ಹೆಂಗಸರ ಶೌಚಾಲಯದ ಮುಂದೆ ವಿರಾಮದಲ್ಲಿ ಉದ್ದ ಸಾಲು ಇರುತ್ತದೆ, ಹಳೆಯ ಕಟ್ಟಡಗಳಲ್ಲಿ ಶೌಚಾಲಯ ಕಮ್ಮಿ. ಶುಗರ್ ಇರುವವರು ನಾಟಕ ಶುರುವಾಗುವ ಮೊದಲೇ ಹೋಗಿ ಬರಲಿ. ತಡವಾಗಿ ಬಂದವರನ್ನು ಕೂಡಲೇ ಒಳಗೆ ಬಿಡುವುದಿಲ್ಲ, ಅರ್ಧ ಗಂಟೆ ಮೊದಲೇ ತಲುಪಿ. ಒಳಗೆ ಫೋಟೋ, ವಿಡಿಯೋ ಇಲ್ಲ. ಮನೆಯವರ ಗ್ರೂಪಿಗೆ ಹಾಕುವ ಫೋಟೋ ಹೊರಗಿನ ಬೋರ್ಡಿನ ಎದುರು ತೆಗೆಯಿರಿ.

ಹಲಾಲ್ ಊಟಕ್ಕೆ ಎಡ್ಜ್‌ವೇರ್ ರೋಡ್ ಹೆಸರಾದದ್ದು, ಅರಬ್ ಹೋಟೆಲುಗಳ ಸಾಲೇ ಉಂಟು. ಪೂರ್ವ ಲಂಡನ್ನಿನ ವೈಟ್‌ಚಾಪೆಲ್ ಕಡೆ ಬಾಂಗ್ಲಾ, ಪಾಕಿಸ್ತಾನಿ ಹೋಟೆಲುಗಳು. ಹಲಾಲ್ ಪ್ರಮಾಣಪತ್ರದಲ್ಲೂ ಅಲ್ಲಿ ಎರಡು ಬಗೆ. ಎಚ್‌ಎಂಸಿ ಎಂದಿದ್ದರೆ ಪ್ರಾಣಿಯನ್ನು ಮಂಪರು ಮಾಡದೆ ಕೊಯ್ದದ್ದು. ಎಚ್‌ಎಫ್‌ಎ ಎಂದಿದ್ದರೆ, ಪ್ರಾಣ ಹೋಗದಂತೆ ಮಂಪರು ಮಾಡುವುದನ್ನು ಅವರು ಒಪ್ಪುತ್ತಾರೆ. ಇದು ಮುಖ್ಯ ಎನ್ನುವವರು ಕೂರುವ ಮೊದಲು ಕೇಳಿ. ಯಾವುದೂ ಬೇಡ ಎಂದರೆ ಮನೆಯಿಂದ ತಂದ ಪತ್ತಿರ್ ಮತ್ತು ಚಟ್ನಿಗೆ ಟ್ರಫಾಲ್ಗರ್ ಸ್ಕ್ವೇರಿನ ಮೆಟ್ಟಿಲಿಗಿಂತ ಒಳ್ಳೆಯ ಜಾಗ ಇಲ್ಲ.

ಒಂದು ದಿನದ ನಕ್ಷೆ

ಮೇ ತಿಂಗಳ ಒಂದು ಬುಧವಾರ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಮನೆಯಿಂದ ಹೊರಟು ರೀಜೆಂಟ್ಸ್ ಪಾರ್ಕ್ ಮಸೀದಿ. ಪಾರ್ಕಿನಲ್ಲಿ ಬುತ್ತಿ ಊಟ. ಒಂದು ಗಂಟೆಯ ನಂತರ ಸಮಯ ಆದ ಕೂಡಲೇ ಲುಹರ್. ನಡೆಯಲು ಆಗದವರಿದ್ದರೆ ಅಲ್ಲಿಂದ ಕಪ್ಪು ಟ್ಯಾಕ್ಸಿ ಹಿಡಿಯಿರಿ, ಅದರಲ್ಲಿ ವೀಲ್‌ಚೇರನ್ನೂ ಹತ್ತಿಸಬಹುದು. ಎರಡಕ್ಕೆ ಥಿಯೇಟರ್. ಎರಡೂವರೆಯಿಂದ ಐದರವರೆಗೆ ನಾಟಕ. ಹೊರಗೆ ಬಂದು ನಿಧಾನಕ್ಕೆ ಸೇಂಟ್ ಜೇಮ್ಸ್ ಪಾರ್ಕ್, ಅಲ್ಲಿ ಅಸರ್, ಬಾತುಕೋಳಿಗಳ ಎದುರು ಫ್ಲಾಸ್ಕಿನ ಚಹಾ. ಎಡ್ಜ್‌ವೇರ್ ರೋಡಿನಲ್ಲಿ ಊಟ. ಮಗ್ರಿಬಿಗೆ ಮನೆ.

ಒಂದೇ ದಿನದಲ್ಲಿ ಬಿಗ್ ಬೆನ್, ಮ್ಯೂಸಿಯಂ, ಶಾಪಿಂಗ್ ಎಲ್ಲ ಸೇರಿಸಬೇಡಿ. ಆ ದಿನ ನಾಟಕಕ್ಕೆ ಮಾತ್ರ ಇರಲಿ.

ನಮ್ಮ ಉಮ್ಮಂದಿರು ಮಕ್ಕಳ ಓದಿಗೆ ಚಿನ್ನ ಅಡವಿಟ್ಟವರು, ಮಕ್ಕಳು ಹಾರಿ ಹೋದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಅವರ ಊರು ನೋಡಿದವರು. ‘ನನಗೆಂತಕ್ಕೆ ಅದೆಲ್ಲ, ನೀವು ಹೋಗಿ ಬನ್ನಿ’ ಎಂದು ಅವರು ಹೇಳಿಯೇ ಹೇಳುತ್ತಾರೆ. ಅದು ಅವರ ಅಭ್ಯಾಸದ ಮಾತು. ಎರಡನೇ ಸಲವೂ ಕೇಳಿ. ನಾಟಕದ ಹೆಸರು, ಕತೆ, ನಮಾಝಿನ ಸಮಯ, ಸೀಟಿನ ಜಾಗ ಎಲ್ಲ ಹೇಳಿ ಕೇಳಿ. ಆಗಲೂ ಬೇಡ ಎಂದರೆ ಅದು ಅವರ ನಿರ್ಧಾರ. ಬರುತ್ತೇನೆ ಎಂದರೆ ಡ್ರೆಸ್ ಸರ್ಕಲ್‌ನಲ್ಲಿ, ದಾರಿಯ ಬದಿಯಲ್ಲಿ, ಅವರಿಗೊಂದು ಸೀಟು ತೆಗೆದಿಡಿ.